ಮೂರು ಮೂಲೆಯ ಕಾಳು, ಮೂರು ಹೆಸರಿನ ಮನುಷ್ಯ

ಬಿ.ಕಾಂ. ಓದುವವನಿಗೆ ಗಿಡಗಂಟೆಯ ಗೊಡವೆ ಯಾಕಪ್ಪಾ ಅಂತ ನೀವು ಕೇಳಬಹುದು. ಕೇಳುವುದು ನ್ಯಾಯವೇ. ನನಗೆ ಗೊತ್ತಿರೋದು ಜಮಾ ಖರ್ಚು ಅಷ್ಟೆ. ಹತ್ತನೇ ತರಗತಿಯವರೆಗೆ ಶಿರಾದಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಅಪ್ಪನಿಗೆ ವರ್ಗವಾದದ್ದರಿಂದ ದೆಹಲಿಗೆ ಬಂದವನು ನಾನು. ಸಸ್ಯಶಾಸ್ತ್ರ ಎಂದರೆ ದಾಸವಾಳದ ಹೂವನ್ನು ಬ್ಲೇಡಿನಿಂದ ಸೀಳಿ ಚಿತ್ರ ಬರೆದದ್ದು, ಅಲ್ಲಿಗೆ ಮುಗಿಯಿತು. ಆದರೂ ಈ ಲೇಖನ ಬರೆಯಬೇಕಾಗಿ ಬಂತು. ಕಾರಣ ಒಂದು ಗಿಡ. ಆ ಗಿಡದಿಂದಾಗಿ ನಾನು ಒಬ್ಬ ಮನುಷ್ಯನ ಬೆನ್ನು ಹತ್ತಿದೆ. ಆತ ಸತ್ತು ಇನ್ನೂರು ವರ್ಷ ಆಗುತ್ತಾ ಬಂತು.

ದೆಹಲಿಗೆ ಬಂದ ಹೊಸತರಲ್ಲಿ ನವರಾತ್ರಿಯ ಹೊತ್ತಿಗೆ ನನಗೆ ಒಂದು ಆಶ್ಚರ್ಯ ಕಾದಿತ್ತು. ಪಕ್ಕದ ಮನೆಯವರು ಒಂಬತ್ತು ದಿನ ಉಪವಾಸ ಅಂತಾರೆ, ಸಂಜೆ ಆಯ್ತು ಅಂದ್ರೆ ಪೂರಿ ತಿಂತಾರೆ! ಇದೆಂಥ ಉಪವಾಸ ಅಂತ ಕೇಳಿದರೆ, ಇದು ಗೋಧಿಯಲ್ಲ, ಕುಟ್ಟು, ಇದು ಧಾನ್ಯಕ್ಕೆ ಸೇರೋದಿಲ್ಲ ಅಂದರು. ಅವರು ಹೇಳಿದ್ದು ಸರಿ. ಭತ್ತ, ಗೋಧಿ, ರಾಗಿ ಎಲ್ಲಾ ಹುಲ್ಲಿನ ಜಾತಿ. ಕುಟ್ಟು ಹುಲ್ಲಲ್ಲ. ಅದು ನಮ್ಮ ಹುಳಿ ಚುಕ್ಕೆ ಸೊಪ್ಪಿನ ನೆಂಟ. ಅಗಲ ಎಲೆ, ಗೊಂಚಲು ಹೂವು, ಮೂರು ಮೂಲೆಯ ಕಾಳು. ಕಾಳನ್ನು ಬೀಸಿದರೆ ಕಂದು ಹಿಟ್ಟು.

ಹೋದ ಸೆಪ್ಟೆಂಬರಿನಲ್ಲಿ ನಾವು ಎಂಟು ಜನ ಗೆಳೆಯರು ಕುಮಾವೂನಿನ ಮುನ್ಸಿಯಾರಿಯ ಕಡೆ ಬೆಟ್ಟ ಹತ್ತಲು ಹೋದೆವು. ಹೋಗುವ ಮುಂಚೆ ನಾನು ಪುಸ್ತಕ ತಿರುವಿ ಹಾಕಿ, ಈ ಕುಟ್ಟುವಿಗೆ ಒಬ್ಬ ಕಾಡಿನ ಅಣ್ಣ ಇದ್ದಾನೆ, ಹಿಮಾಲಯವೇ ಅವನ ತವರು, ಅಂತ ತಿಳಿದುಕೊಂಡಿದ್ದೆ. ಗುರುತು ಏನು? ಎಲೆ ಕಾಂಡಕ್ಕೆ ಸೇರುವ ಗಿಣ್ಣಿನ ಹತ್ತಿರ ಕಾಂಡವನ್ನು ಸುತ್ತಿಕೊಂಡ ತೆಳ್ಳನೆಯ ಕಂದು ಪೊರೆ ಇರುತ್ತದೆ ಅಂತ ಓದಿದ್ದೆ. ಅಷ್ಟೇ ಸಾಕಾಯ್ತು ನನ್ನ ಪಾಂಡಿತ್ಯಕ್ಕೆ. ಮೊದಲನೇ ದಿನವೇ ಒಂದು ತೊರೆಯ ಪಕ್ಕ ತಿಳಿಗೆಂಪು ಹೂವಿನ ಗಿಡ ಕಂಡೆ. ಗಿಣ್ಣು ನೋಡಿದೆ. ಪೊರೆ ಇತ್ತು. ಇದೇ ಕಣ್ರೋ ಕಾಡು ಕುಟ್ಟು ಅಂತ ಎಲ್ಲರನ್ನೂ ಕೂಗಿ ಕರೆದೆ. ಸೊಪ್ಪು ಬೇಯಿಸಿ ತಿನ್ನಬಹುದು ಅಂತ ಬೇರೆ ಓದಿದ್ದೆನಲ್ಲ, ಗೆಳೆಯರ ಕೈಲಿ ಒಂದು ಚೀಲದ ತುಂಬ ಕೀಳಿಸಿಬಿಟ್ಟೆ.

ಸಂಜೆ ನಾವು ಇಳಿದುಕೊಂಡ ಮನೆಯ ಮುದುಕಿ ಚೀಲ ಬಿಚ್ಚಿ ನೋಡಿದಳು. ಜೋರಾಗಿ ನಕ್ಕಳು. ಅದನ್ನ ದನವೂ ಮೂಸುವುದಿಲ್ಲ ಬೇಟಾ ಅಂತ ಎತ್ತಿ ಆಚೆ ಎಸೆದಳು. ಗೆಳೆಯರ ಮುಂದೆ ನನ್ನ ಮುಖ ಹೇಗಾಗಿರಬೇಕು ನೀವೇ ಊಹಿಸಿಕೊಳ್ಳಿ. ಬೆಳಿಗ್ಗೆ ಆಕೆ ನನ್ನನ್ನು ಕರೆದುಕೊಂಡು ಹೋಗಿ ಹೊಲದ ಬದುವಿನ ಕೆಳಗೆ, ಜಿನುಗು ನೀರು ಇರುವ ಕಡೆ ನಿಲ್ಲಿಸಿದಳು. ನನ್ನ ಎದೆಮಟ್ಟದ ಗಿಡ. ಬಿಳೀ ಹೂವು. ಪೊರೆ ಇದಕ್ಕೂ ಇತ್ತು. ಆಗ ಗೊತ್ತಾಯ್ತು, ಆ ಪೊರೆ ಇಡೀ ವಂಶದ ಗುರುತು, ಒಬ್ಬನ ಗುರುತಲ್ಲ ಅಂತ. ನಾನು ಕಿತ್ತದ್ದು ಅದೇ ವಂಶದ ಯಾವುದೋ ದಾಯಾದಿ.

ಹಾಗಾದರೆ ಒಬ್ಬನನ್ನೇ ಗುರುತಿಸೋದು ಹೇಗೆ? ಮುದುಕಿ ಮೂರು ಕಡೆ ಕೈ ಇಟ್ಟು ತೋರಿಸಿದಳು. ಮೊದಲು ಎಲೆ. ನಾನು ಕಿತ್ತ ಗಿಡದ್ದು ಭರ್ಜಿಯಂತೆ ಉದ್ದ, ಇದರದ್ದು ಉದ್ದ ಎಷ್ಟೋ ಅಗಲವೂ ಹೆಚ್ಚುಕಡಿಮೆ ಅಷ್ಟೇ ಇರುವ ತ್ರಿಕೋನ. ಆಮೇಲೆ ಕಾಳು. ಒಣಗಿದ ಹೂವಿನಿಂದ ಕಪ್ಪು ಕಂದು ಬಣ್ಣದ ಮೂರು ಮೂಲೆಯ ಕಾಳು ಅರ್ಧಕ್ಕಿಂತ ಹೆಚ್ಚು ಹೊರಗೆ ಚಾಚಿಕೊಂಡಿತ್ತು. ಕೊನೆಗೆ ಕುಡುಗೋಲಿನ ತುದಿಯಿಂದ ಮಣ್ಣು ಕೆದಕಿ ಬೇರು ತೋರಿಸಿದಳು. ಹೊಲದಲ್ಲಿ ಬಿತ್ತುವ ಕುಟ್ಟು ಒಂದೇ ಬೆಳೆಗೆ ಸಾಯುತ್ತದೆ, ಎಳೆದರೆ ಸಲೀಸಾಗಿ ಕಿತ್ತು ಬರುತ್ತದೆ. ಕಾಡಿನದಕ್ಕೆ ನೆಲದೊಳಗೆ ಗಂಟು ಗಂಟಾದ ಗಟ್ಟಿ ಗೆಡ್ಡೆ. ಚಳಿಗೆ ಮೇಲಿನದೆಲ್ಲ ಒಣಗಿ ಹೋದರೂ ಮರುವರ್ಷ ಅಲ್ಲಿಂದಲೇ ಚಿಗುರುತ್ತದೆ. ಸೊಪ್ಪನ್ನು ಹಸಿಯಾಗಿ ತಿನ್ನಬಾರದು, ಬೇಯಿಸಿಯೇ ತಿನ್ನಬೇಕು ಅಂತಲೂ ಹೇಳಿದಳು. ಆ ದಿನ ಮಧ್ಯಾಹ್ನ ಅದರದೇ ಪಲ್ಯ ಆಯಿತು.

ದೆಹಲಿಗೆ ವಾಪಸು ಬಂದ ಮೇಲೆ ಸಸ್ಯಶಾಸ್ತ್ರದ ಗೆಳೆಯನೊಬ್ಬನ ಹತ್ತಿರ ಈ ಗಿಡದ ಶಾಸ್ತ್ರೀಯ ಹೆಸರು ಕೇಳಿದೆ. ಫ್ಯಾಗೋಪೈರಮ್ ಡೈಬೋಟ್ರಿಸ್ ಅಂತ ಬರೆದುಕೊಟ್ಟ. ಡೈಬೋಟ್ರಿಸ್ ಎಂದರೆ ಎರಡು ಗೊಂಚಲಿನದು. ಹೆಸರಿನ ಮುಂದೆ ಕಂಸದೊಳಗೆ ಡಿ. ಡಾನ್, ಕಂಸದ ಹೊರಗೆ ಹಾರಾ. ಇದೇನೋ ಇದು, ಗಿಡಕ್ಕೂ ಜಾಮೀನುದಾರರು ಬೇಕೇನೋ ಅಂದೆ. ಅವನು ವಿವರಿಸಿದ. ಮೊದಲು ಹೆಸರಿಟ್ಟವನು ಕಂಸದೊಳಗೆ, ಆಮೇಲೆ ಅದನ್ನು ಬೇರೆ ಕುಲಕ್ಕೆ ವರ್ಗ ಮಾಡಿದವನು ಹೊರಗೆ. 1825ರಲ್ಲಿ ಡೇವಿಡ್ ಡಾನ್ ಇದಕ್ಕೆ ಪಾಲಿಗೋನಮ್ ಡೈಬೋಟ್ರಿಸ್ ಎಂದು ಹೆಸರಿಟ್ಟ. 1966ರಲ್ಲಿ ಜಪಾನಿನ ಹಿರೋಶಿ ಹಾರಾ ಅದನ್ನು ಈಗಿನ ಕುಲಕ್ಕೆ ಸೇರಿಸಿದರು. ಡಾನ್ ಭಾರತಕ್ಕೂ ಬಂದವನಲ್ಲ, ನೇಪಾಳಕ್ಕೂ ಬಂದವನಲ್ಲ. ಲಂಡನ್ನಿನಲ್ಲಿ ಕೂತು ಒಣಗಿಸಿದ ಗಿಡಗಳನ್ನು ನೋಡಿ ನೇಪಾಳದ ಸಸ್ಯಗಳ ಪುಸ್ತಕ ಬರೆದವನು. ಆ ಗಿಡಗಳನ್ನು ತಂದವರಾರು ಅಂತ ಪುಸ್ತಕದ ಮುಖಪುಟದಲ್ಲೇ ಲ್ಯಾಟಿನ್ನಿನಲ್ಲಿ ಅಚ್ಚಾಗಿದೆ. ಫ್ರಾನ್ಸಿಸ್ ಹ್ಯಾಮಿಲ್ಟನ್, ಮೊದಲಿನ ಹೆಸರು ಬುಕಾನನ್.

ಬುಕಾನನ್! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಈತ ನಮ್ಮ ಬುಕಾನನ್. ಟಿಪ್ಪು ಸುಲ್ತಾನ್ ಬಿದ್ದ ಮೇಲೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದವನು. ನಮ್ಮ ಶಿರಾಕ್ಕೂ ಬಂದವನು. ಶಾಲೆಯಲ್ಲಿ ಇತಿಹಾಸದ ಮೇಷ್ಟ್ರು ಎರಡು ಮಾತಿಗೊಮ್ಮೆ ಹೇಳುತ್ತಿದ್ದ ಹೆಸರು. ಇವನಿಗೂ ಹಿಮಾಲಯದ ಕುಟ್ಟುವಿಗೂ ಏನು ಸಂಬಂಧ? ಅಂದಿನಿಂದ ಪರೀಕ್ಷೆಯ ಓದು ಬಿಟ್ಟು ಗ್ರಂಥಾಲಯದಲ್ಲಿ ಅವನ ಜಾಡು ಹಿಡಿದೆ.

ಫ್ರಾನ್ಸಿಸ್ ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನಲ್ಲಿ. ತಂದೆ ವೈದ್ಯರು. ತಾಯಿಯ ಕಡೆಯವರು ಹ್ಯಾಮಿಲ್ಟನ್ ಮನೆತನದವರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯ ಓದಿ 1783ರಲ್ಲಿ ಪದವಿ ಪಡೆದ. ಅಲ್ಲಿ ಜಾನ್ ಹೋಪ್ ಎಂಬ ಗುರುಗಳಿಂದ ಸಸ್ಯಶಾಸ್ತ್ರದ ಹುಚ್ಚು ಹತ್ತಿತು. ಗಿಡಗಳಿಗೆ ಎರಡು ಪದದ ಹೆಸರಿಡುವ ಲಿನೇಯಸ್‌ನ ಪದ್ಧತಿಯನ್ನು ಬ್ರಿಟನ್ನಿನಲ್ಲಿ ಮೊದಮೊದಲು ಪಾಠ ಹೇಳಿದವರಲ್ಲಿ ಹೋಪ್ ಒಬ್ಬರು. ಆದರೆ ಹುಚ್ಚಿನಿಂದ ಹೊಟ್ಟೆ ತುಂಬೋದಿಲ್ಲವಲ್ಲ. ಬುಕಾನನ್ ಹಡಗಿನ ವೈದ್ಯನಾಗಿ ಪೂರ್ವದೇಶಗಳಿಗೆ ಸಮುದ್ರಯಾನ ಮಾಡಿದ. 1794ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದ.

ಕಂಪನಿ ಅವನನ್ನು ಒಂದು ಕಡೆ ನಿಲ್ಲಲು ಬಿಡಲಿಲ್ಲ. 1795ರಲ್ಲಿ ಮೈಕೇಲ್ ಸೈಮ್ಸ್‌ನ ರಾಯಭಾರದ ಜೊತೆ ಬರ್ಮಾದ ಆವಾ ರಾಜ್ಯಕ್ಕೆ. 1798ರಲ್ಲಿ ಚಿತ್ತಗಾಂಗಿನ ಕಾಡುಗಳಿಗೆ. ಸಂಬಳ ವೈದ್ಯನದು, ಮನಸ್ಸು ಗಿಡದ ಮೇಲೆ. ಹೋದಲ್ಲೆಲ್ಲ ಒಣಗಿಸಿದ, ಬರೆಸಿದ, ಕಟ್ಟಿ ಕಳಿಸಿದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದ ನಾಡಿನಲ್ಲಿ ಏನೇನಿದೆ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ತಿಳಿಯಬೇಕಿತ್ತು. ಬೇಸಾಯ ಹೇಗೆ, ದನಕರು ಎಂಥವು, ಹತ್ತಿ ಎಷ್ಟು, ಮೆಣಸು ಎಷ್ಟು, ಗಂಧ ಎಲ್ಲಿ, ಗಣಿ ಎಲ್ಲಿ, ನೇಯುವವರು ಯಾರು, ಜನ ಹೇಗಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಂಗಡಿ ಕೈಗೆ ಬಂದ ಮೇಲೆ ದಾಸ್ತಾನು ಲೆಕ್ಕ. ಆ ಲೆಕ್ಕ ಬರೆಯಲು ಬುಕಾನನ್‌ನನ್ನು ಆರಿಸಿದರು. 1800ರ ಏಪ್ರಿಲ್ 23ರಂದು ಅವನು ಮದರಾಸಿನಿಂದ ಹೊರಟ. 1801ರ ಜುಲೈ ತನಕ ಸುತ್ತಿದ. ಬೆಂಗಳೂರು, ಶ್ರೀರಂಗಪಟ್ಟಣ, ಕೋಲಾರ, ದೊಡ್ಡಬಳ್ಳಾಪುರ, ಮಧುಗಿರಿ, ಶಿರಾ, ಆಮೇಲೆ ಮಲಬಾರು, ಮಂಗಳೂರು, ಸೋದೆ, ಬನವಾಸಿ, ಇಕ್ಕೇರಿ, ಚಿತ್ರದುರ್ಗ. 1807ರಲ್ಲಿ ಇದು ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು.

ಆ ಸಂಪುಟಗಳನ್ನು ತೆರೆದು ನಾನು ಮೊದಲು ಹುಡುಕಿದ್ದು ನಮ್ಮ ಊರನ್ನು. ಸಿಕ್ಕಿತು. ದೊಡ್ಡಬಳ್ಳಾಪುರದಿಂದ ಶಿರಾದವರೆಗೆ ಅಂತ ಒಂದು ಅಧ್ಯಾಯವೇ ಇದೆ, ಮುಂದಿನದು ಶಿರಾದಿಂದ ಶ್ರೀರಂಗಪಟ್ಟಣಕ್ಕೆ. ರಾಗಿಗೆ ಹೊಲ ಹೇಗೆ ಹದ ಮಾಡುತ್ತಾರೆ, ಬೀಜ ಎಷ್ಟು, ಕೂಲಿ ಎಷ್ಟು, ಮಧುಗಿರಿ ಸೀಮೆಯಲ್ಲಿ ಕಬ್ಬಿಣ ಕರಗಿಸುವವರ ಕುಲುಮೆ ಹೇಗಿದೆ, ಎಲ್ಲಾ ಬರೆದಿದ್ದಾನೆ. ಓದುತ್ತಾ ಓದುತ್ತಾ ನಮ್ಮಜ್ಜನ ಹೊಲವೇ ಕಣ್ಣ ಮುಂದೆ ಬಂತು. ಕಣ್ಣು ಒದ್ದೆಯಾಯಿತು ಅಂದರೆ ನಗಬೇಡಿ.

ಆದರೆ ಅದೇ ಹೊತ್ತಿಗೆ ಮನಸ್ಸಿನಲ್ಲಿ ಮುಳ್ಳೂ ಆಡಿತು. ಸರಪಳಿ ಹಿಡಿದು ಹೊಲ ಅಳೆಯಲು ಯಾರಾದರೂ ಬಂದರೆ ನಮ್ಮಜ್ಜ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಳತೆಯ ಹಿಂದೆ ಕಂದಾಯ ಬರುತ್ತದೆ ಅಂತ ಅವರಿಗೆ ಗೊತ್ತು. ಬುಕಾನನ್ ಬಂದದ್ದೂ ಅಳತೆಗೇ ತಾನೆ? ರಾಗಿಯ ಮೇಲೆ ಪ್ರೀತಿಯಿಂದ ಬಂದವನಲ್ಲ. ಅವನಿಗೆ ಕನ್ನಡ ಬಾರದು, ದುಭಾಷಿಗಳ ಮೂಲಕ ಕೇಳಿದ್ದು. ಎದುರಿಗೆ ಕೂತ ರೈತ ಇದ್ದದ್ದನ್ನೆಲ್ಲ ಹೇಳಿದನೋ, ಅರ್ಧ ಮುಚ್ಚಿಟ್ಟನೋ. ನಾನು ರೈತನಾಗಿದ್ದರೆ ಮುಚ್ಚಿಡುತ್ತಿದ್ದೆ. ಆದರೆ ಅವನು ಬರೆಯದೇ ಹೋಗಿದ್ದರೆ 1800ರಲ್ಲಿ ನಮ್ಮ ಮುತ್ತಜ್ಜನ ಮುತ್ತಜ್ಜ ಹೇಗೆ ಬಿತ್ತುತ್ತಿದ್ದ ಅಂತ ನನಗೆ ತಿಳಿಯುತ್ತಿತ್ತೆ? ಈ ಎರಡನ್ನೂ ತೂಗಿ ನೋಡಿದೆ. ಯಾವ ಕಡೆಗೂ ಬಾಕಿ ಸರಿಹೋಗಲಿಲ್ಲ. ಬ್ಯಾಲೆನ್ಸ್ ಶೀಟು ತಾಳೆಯಾಗದ ಬದುಕು ಇದು.

ಒಂದು ಮಾತು ಮಾತ್ರ ಅವನ ಪರವಾಗಿ ಹೇಳಬೇಕು. ಜನರ ಬಾಯಲ್ಲಿ ಇದ್ದ ಹೆಸರಿಗೆ ಅವನು ಕಿವಿಗೊಡುತ್ತಿದ್ದ. ಮಲಬಾರಿನ ಅಂಗಾಡಿಪುರದಲ್ಲಿ ನೆಲದಿಂದ ಮೆತ್ತಗೆ ಕಡಿದು ತೆಗೆದು, ಗಾಳಿಗೆ ಗಟ್ಟಿಯಾದ ಮೇಲೆ ಗೋಡೆ ಕಟ್ಟುವ ಕೆಂಪು ಕಲ್ಲನ್ನು ಕಂಡ. ಅಲ್ಲಿಯವರು ಅದಕ್ಕೆ ಇಟ್ಟಿಗೆ ಕಲ್ಲು ಎಂಬ ಅರ್ಥದ ಹೆಸರು ಹೇಳಿದರು. ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿ ಇರುವ ಪದದಿಂದಲೇ ಅವನು ಲ್ಯಾಟರೈಟ್ ಅಂತ ಮಾಡಿದ. ನಮ್ಮ ಕರಾವಳಿಯ ಮುರಕಲ್ಲಿಗೆ ಇಂದು ಇಡೀ ಪ್ರಪಂಚ ಹೇಳುವ ಹೆಸರು ಅದೇ.

ಮೈಸೂರಿನ ದಣಿವು ಆರುವ ಮುಂಚೆಯೇ 1802ರಲ್ಲಿ ಅವನನ್ನು ಕ್ಯಾಪ್ಟನ್ ನಾಕ್ಸ್‌ನ ರಾಯಭಾರದ ಜೊತೆ ನೇಪಾಳಕ್ಕೆ ಕಳಿಸಿದರು. ಅಲ್ಲಿ ಹದಿನಾಲ್ಕು ತಿಂಗಳು ಇದ್ದ. ಬಹುಪಾಲು ಕಾಠ್ಮಂಡುವಿನ ಸುತ್ತಮುತ್ತಲೇ. ದೊಡ್ಡ ಬೆಟ್ಟಗಳು ಕಣ್ಣಿಗೆ ಕಾಣುತ್ತವೆ, ಕಾಲಿಗೆ ಸಿಗುವುದಿಲ್ಲ. ನೇಪಾಳದವರಿಗೆ ಕಂಪನಿಯ ಜನರ ಮೇಲೆ ಅನುಮಾನ, ಅನುಮಾನಕ್ಕೆ ಕಾರಣವೂ ಇತ್ತು. ಇಂಥಲ್ಲಿ ಅವನಿಗೆ ಕೈಯಾಗಿ ನಿಂತವರು ಕಲ್ಕತ್ತೆಯಿಂದ ಜೊತೆಗೆ ಕರೆದುಕೊಂಡು ಹೋಗಿದ್ದ ರಾಮಜಯ ಭಟ್ಟಾಚಾರ್ಯ ಎಂಬ ಬ್ರಾಹ್ಮಣರು. ನಾಡಿನ ವಿಷಯ ಜನರಿಂದ ಕೇಳಿ ಸಂಗ್ರಹಿಸುವುದರಲ್ಲಿ ಅವರ ನೆರವು ದೊಡ್ಡದು. ಬುಕಾನನ್ ಮುಂದೆ 1819ರಲ್ಲಿ ನೇಪಾಳದ ಬಗ್ಗೆ ಪುಸ್ತಕ ಪ್ರಕಟಿಸಿದಾಗ ಅವರ ಹೆಸರನ್ನು ಬರೆದು ಋಣ ಒಪ್ಪಿಕೊಂಡ. ರಾಯಭಾರ ಸೋತಿತು. 1803ರಲ್ಲಿ ಎಲ್ಲರೂ ವಾಪಸಾದರು. ರಾಜಕೀಯ ಸೋತರೂ ಗಿಡಗಳ ಕಟ್ಟು ಸೋಲಲಿಲ್ಲ.

1805ರಲ್ಲಿ ವೆಲ್ಲೆಸ್ಲಿಯ ಜೊತೆ ಇಂಗ್ಲೆಂಡಿಗೆ ಹೋದ ಬುಕಾನನ್, ಮರುವರ್ಷ ಆ ನೇಪಾಳದ ಗಿಡಗಳನ್ನೂ ಚಿತ್ರಗಳನ್ನೂ ಹೆಸರಾಂತ ಸಸ್ಯಶಾಸ್ತ್ರಜ್ಞ ಜೇಮ್ಸ್ ಎಡ್ವರ್ಡ್ ಸ್ಮಿತ್‌ಗೆ ಕೊಟ್ಟ. ಸ್ಮಿತ್ ಕೆಲವನ್ನು ಮಾತ್ರ ಪ್ರಕಟಿಸಿದ. ಗಿಡಗಳ ಇನ್ನೊಂದು ಪಾಲು ಲ್ಯಾಂಬರ್ಟ್ ಎಂಬ ಶ್ರೀಮಂತನ ಸಂಗ್ರಹಕ್ಕೆ ಸೇರಿತು. ಆ ಲ್ಯಾಂಬರ್ಟ್‌ನ ಹತ್ತಿರ ಗ್ರಂಥಪಾಲಕನಾಗಿ ಸೇರಿದವನೇ ಡೇವಿಡ್ ಡಾನ್. ಬುಕಾನನ್ ನೇಪಾಳದ ಗದ್ದೆ ಬದುಗಳಲ್ಲಿ ಅಲೆಯುತ್ತಿದ್ದಾಗ ಡಾನ್ ಮೂರು ವರ್ಷದ ಕೂಸು. ಆ ಕೂಸು ಬೆಳೆದು ಕಟ್ಟು ಬಿಚ್ಚುವ ಹೊತ್ತಿಗೆ ಇಪ್ಪತ್ತೆರಡು ವರ್ಷ ಕಳೆದಿತ್ತು. ಬುಕಾನನ್ ತಂದವಕ್ಕೆ ವಾಲಿಚ್ ಕಳಿಸಿದ ಗಿಡಗಳನ್ನೂ ಸೇರಿಸಿ ಡಾನ್ 1825ರಲ್ಲಿ ಪುಸ್ತಕ ಮಾಡಿದ. ನಮ್ಮ ಕಾಡು ಕುಟ್ಟುವಿಗೆ ಹೆಸರು ಬಿದ್ದದ್ದು ಅದರಲ್ಲೇ.

ಕುಟ್ಟುವಿನ ಹೂವಿನಲ್ಲಿ ಒಂದು ಚಮತ್ಕಾರ ಇದೆಯಂತೆ, ಗೆಳೆಯ ಹೇಳಿದ್ದು. ಕೆಲವು ಗಿಡದ ಹೂವಿನಲ್ಲಿ ಶಲಾಕೆ ಉದ್ದ, ಕೇಸರ ಗಿಡ್ಡ. ಉಳಿದ ಗಿಡಗಳಲ್ಲಿ ಅದರ ತಿರುಗುಮುರುಗು. ಒಂದು ಬಗೆಯ ಪರಾಗ ಇನ್ನೊಂದು ಬಗೆಗೆ ತಲುಪಿದರೇ ಕಾಳು ಚೆನ್ನಾಗಿ ಕಟ್ಟೋದು. ಅಲೆದವನೊಬ್ಬ, ಕೂತು ಬರೆದವನೊಬ್ಬ. ಇಬ್ಬರೂ ಇಲ್ಲದಿದ್ದರೆ ನನ್ನ ಕೈಗೆ ಆ ಚೀಟಿ ಬರುತ್ತಿರಲಿಲ್ಲ.

ಬುಕಾನನ್ ಮತ್ತೆ ಭಾರತಕ್ಕೆ ಬಂದ. 1807ರಿಂದ 1814ರವರೆಗೆ, ಏಳು ವರ್ಷ, ಬಂಗಾಳ ಬಿಹಾರಗಳ ಸರ್ವೆ. ದಿನಾಜಪುರ, ರಂಗಪುರ, ಪೂರ್ಣಿಯಾ, ಭಾಗಲಪುರ, ಪಾಟ್ನಾ, ಗಯಾ, ಶಹಾಬಾದ್, ಗೋರಖಪುರ. ಅವನು ಬರೆದ ರಾಶಿ ರಾಶಿ ಕಾಗದ ಕಂಪನಿಯ ಕಪಾಟು ಸೇರಿತು. ಅವನು ಸತ್ತ ಮೇಲೆ, 1838ರಲ್ಲಿ, ಮಾಂಟ್ಗೊಮೆರಿ ಮಾರ್ಟಿನ್ ಎಂಬಾತ ಅದನ್ನು ಕತ್ತರಿಸಿ ಮೂರು ಸಂಪುಟವಾಗಿ ಹೊರತಂದ. ಮುಖಪುಟದ ಮೇಲೆ ರಾರಾಜಿಸಿದ ಹೆಸರು ಮಾರ್ಟಿನ್ನನದು. ದುಡಿದವನ ಜಮಾ ಇನ್ನೊಬ್ಬನ ಖಾತೆಗೆ!

1814ರಲ್ಲಿ ಅವನಿಗೆ ಬಹುಕಾಲದ ಆಸೆಯ ಹುದ್ದೆ ಸಿಕ್ಕಿತು. ರಾಕ್ಸ್‌ಬರ್ಗ್ ಬಿಟ್ಟುಹೋದ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆ. ಆದರೆ ಆ ಹೊತ್ತಿಗೆ ದೇಹ ಸೋತಿತ್ತು. 1815ರಲ್ಲಿ ಊರಿಗೆ ಹೊರಟ. ಇಷ್ಟು ವರ್ಷ ಪ್ರಾಣಿ, ಹಕ್ಕಿ, ಮೀನುಗಳ ಚಿತ್ರ ಬರೆಸಿ ಕೂಡಿಟ್ಟಿದ್ದನಲ್ಲ, ಅವನ್ನು ಲಂಡನ್ನಿಗೆ ಒಯ್ಯುವ ಆಸೆ. ಗವರ್ನರ್ ಜನರಲ್ ಬಿಡಲಿಲ್ಲ. ಸರ್ಕಾರದ ಖರ್ಚಿನಲ್ಲಿ ಆದದ್ದು ಸರ್ಕಾರದ್ದು ಎಂಬ ಲೆಕ್ಕ. ಬರಿಗೈಲಿ ಹಡಗು ಹತ್ತಿದ. ಕಂಪನಿಗಾಗಿ ಊರೂರಿನ ಆಸ್ತಿ ಪಟ್ಟಿ ಮಾಡಿದವನ ಆಸ್ತಿಯನ್ನು ಕೊನೆಗೆ ಕಂಪನಿಯೇ ಇಟ್ಟುಕೊಂಡಿತು. ಆದರೂ ಉಳಿದ ಟಿಪ್ಪಣಿ ಹಿಡಿದು 1822ರಲ್ಲಿ ಗಂಗಾನದಿಯ ಮೀನುಗಳ ಪುಸ್ತಕ ತಂದ. ರೋಹು, ಕಾಟ್ಲಾ, ಹಿಲ್ಸಾ ಮೀನುಗಳ ಶಾಸ್ತ್ರೀಯ ಹೆಸರಿನ ಮುಂದೆ ಇಂದಿಗೂ ಹ್ಯಾಮಿಲ್ಟನ್ ಅಂತ ಇರುವುದು ಅದರಿಂದಲೇ.

ಹ್ಯಾಮಿಲ್ಟನ್ ಎಲ್ಲಿಂದ ಬಂದ ಅಂತೀರಾ? 1818ರಲ್ಲಿ ತಾಯಿಯ ಕಡೆಯ ಆಸ್ತಿ ಇವನಿಗೆ ಬಂತು. ಆಸ್ತಿಯ ಜೊತೆ ಹೆಸರೂ ಬಂತು. ಹೀಗಾಗಿ ಮೈಸೂರಿನ ಪುಸ್ತಕದಲ್ಲಿ ಬುಕಾನನ್, ಮೀನಿನ ಪುಸ್ತಕದಲ್ಲಿ ಹ್ಯಾಮಿಲ್ಟನ್, ಗಿಡಗಳ ಹೆಸರಿನ ಮುಂದೆ ಎರಡನ್ನೂ ಕೂಡಿಸಿ ಬುಕ್. ಹ್ಯಾಮ್. ಒಬ್ಬನೇ ಮನುಷ್ಯನಿಗೆ ಮೂರು ಖಾತೆ. ಮೀನು ಓದುವವನಿಗೆ ಮೈಸೂರಿನ ಬುಕಾನನ್ ಗೊತ್ತಿಲ್ಲ, ಮೈಸೂರು ಓದಿದ ನನಗೆ ಮೀನಿನವನು ಗೊತ್ತಿರಲಿಲ್ಲ. ಪಾಯಸಕ್ಕೆ ಹಾಕುವ ಚಾರೋಳಿ ಗೊತ್ತಲ್ಲ, ಆ ಮರದ ಕುಲಕ್ಕೆ ಬುಕಾನಾನಿಯ ಅಂತ ಹೆಸರಿಟ್ಟು ಸ್ಪ್ರೆಂಗೆಲ್ ಎಂಬ ಜರ್ಮನ್ ವಿದ್ವಾಂಸ ಅವನ ಹಳೆಯ ಹೆಸರನ್ನು ಉಳಿಸಿದ. ಸ್ಕಾಟ್ಲೆಂಡಿನ ಲೆನಿ ಎಂಬಲ್ಲಿ ಕೊನೆಯ ದಿನಗಳನ್ನು ಕಳೆದು 1829ರ ಜೂನ್ 15ರಂದು ತೀರಿಕೊಂಡ. ಅರವತ್ತೇಳು ವರ್ಷ.

ಇದಿಷ್ಟನ್ನೂ ಬರೆದು ಮುಗಿಸಿ ನಮ್ಮ ಸಂಘದ ಗೆಳೆಯರ ಮುಂದೆ ಓದಿದೆ. ಓದುವಾಗ ಸ್ವಲ್ಪ ಆವೇಶ ಬಂತು. ಬುಕಾನನ್‌ಗೆ ರಾಗಿಯ ವಿಷಯ ಹೇಳಿಕೊಟ್ಟ ಶಿರಾದ ರೈತನ ಹೆಸರೇನು, ಗಿಡ ತೋರಿಸಿದ ನೇಪಾಳದ ಹೆಂಗಸಿನ ಹೆಸರೇನು, ರಾಮಜಯ ಭಟ್ಟಾಚಾರ್ಯರದ್ದು ಒಂದು ಉಳಿಯಿತು, ಮಿಕ್ಕವರದ್ದೆಲ್ಲಿ, ಅಂತ ಮೇಜು ಕುಟ್ಟಿ ಕೇಳಿದೆ. ಎಲ್ಲರೂ ತಲೆಯಾಡಿಸಿದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ, ಮುನ್ಸಿಯಾರಿಗೆ ನನ್ನ ಜೊತೆ ಬಂದವನೇ, ಮೆಲ್ಲಗೆ ಕೇಳಿದ. ನಿನಗೆ ಗಿಡ ತೋರಿಸಿದ ಅಜ್ಜಿಯ ಹೆಸರೇನೋ?

ನಾನು ಕೇಳಿರಲಿಲ್ಲ. ಎರಡು ರಾತ್ರಿ ಅವಳ ಮನೆಯಲ್ಲಿ ಮಲಗಿದ್ದೆ, ಅವಳು ಬೇಯಿಸಿದ್ದನ್ನು ಉಂಡಿದ್ದೆ. ಗಿಡದ ಹೆಸರಿಗಾಗಿ ಗ್ರಂಥಾಲಯವನ್ನೇ ಜಾಲಾಡಿದವನಿಗೆ ಅವಳ ಹೆಸರು ಕೇಳಬೇಕು ಅಂತ ಹೊಳೆದಿರಲೇ ಇಲ್ಲ.

ಬರುವ ಸೆಪ್ಟೆಂಬರಿಗೆ ಮತ್ತೆ ಹೋಗುವವನಿದ್ದೇನೆ. ಆ ಬದುವಿನ ಗೆಡ್ಡೆ ಅಷ್ಟು ಹೊತ್ತಿಗೆ ಮತ್ತೆ ಚಿಗುರಿ ಹೂ ಬಿಟ್ಟಿರುತ್ತದೆ. ಅಜ್ಜಿಯೂ ಗಟ್ಟಿಮುಟ್ಟಾಗಿ ಇರಲಿ. ಈ ಸಲ ಮೊದಲು ಅವಳ ಹೆಸರು ಕೇಳಿ, ಆಮೇಲೆ ಗಿಡ ನೋಡುತ್ತೇನೆ. ಬರುವವರು ಯಾರಾದರೂ ಇದ್ದರೆ ಹೇಳಿ, ಜೊತೆಗೆ ಹೋಗೋಣ.